ಡಾಲಿಯ ಸಹಿ, ಬಾದಾಮಿಯ ಕಲ್ಲು

ಡಾಲಿ ಎಂದ ಕೂಡಲೆ ಇವತ್ತಿನ ಕನ್ನಡ ಹುಡುಗರಿಗೆ ನೆನಪಾಗುವುದು ‘ಟಗರು’ ಚಿತ್ರದ ಧನಂಜಯ. ಇನ್ನೂ ಸ್ವಲ್ಪ ಕೆದಕಿದರೆ ‘ಮನಿ ಹೈಸ್ಟ್’ ಧಾರಾವಾಹಿಯ ದರೋಡೆಕೋರರು ತೊಡುವ ಮುಖವಾಡ. ಆ ಮುಖವಾಡದ ಮೇಲೆ ಮುಗಿಲಿಗೆ ಮೊನೆ ಮಾಡಿ ನಿಂತ ಮೀಸೆ ಸ್ಪೇನ್ ದೇಶದ ಚಿತ್ರಕಾರ ಸಾಲ್ವಡಾರ್ ಡಾಲಿಯದು ಎಂಬ ಉತ್ತರ ಬರುವುದು ಮೂರನೆಯ ಸುತ್ತಿಗೆ. ಬಂದರೂ ಮಾತು ಅಲ್ಲಿಗೇ ನಿಲ್ಲುತ್ತದೆ: ಮೀಸೆ, ಕರಗಿ ಜೋತುಬಿದ್ದ ಗಡಿಯಾರ, ಒಂದಷ್ಟು ಹುಚ್ಚಾಟ. ಇಪ್ಪತ್ತನೆಯ ಶತಮಾನದ ಅತಿ ಪ್ರಸಿದ್ಧ ಅತಿವಾಸ್ತವವಾದಿ ಕಲಾವಿದನ ಲೆಕ್ಕ ಇಷ್ಟಕ್ಕೇ ಚುಕ್ತಾ.

ಇದರಲ್ಲಿ ಜನರ ತಪ್ಪೇನೂ ಇಲ್ಲ. ತನ್ನನ್ನು ಹೀಗೆಯೇ ನೆನಪಿಡಲಿ ಎಂದು ಡಾಲಿಯೇ ಬದುಕಿಡೀ ದುಡಿದ. 1904ರ ಮೇ 11ರಂದು ಕ್ಯಾಟಲೋನಿಯಾ ಸೀಮೆಯ ಫಿಗರೆಸ್ ಪಟ್ಟಣದಲ್ಲಿ ನೋಟರಿಯೊಬ್ಬರ ಮನೆಯಲ್ಲಿ ಹುಟ್ಟಿದ. ಅವನು ಹುಟ್ಟುವ ಮೊದಲೇ ತೀರಿಹೋಗಿದ್ದ ಅಣ್ಣನ ಹೆಸರನ್ನೇ ಇವನಿಗೂ ಇಟ್ಟರು. ಸತ್ತವನ ನೆರಳಾಗಿ ಬೆಳೆದೆ ಎಂಬ ಭಾವ ಅವನನ್ನು ಕೊನೆಯತನಕ ಬಿಡಲಿಲ್ಲ. ಕನಸಿಗೂ ಸುಪ್ತಮನಸ್ಸಿಗೂ ಬಾಗಿಲು ತೆರೆಯಬೇಕು, ತರ್ಕದ ಕಾವಲನ್ನು ಕಿತ್ತೊಗೆಯಬೇಕು ಎಂದು ಕವಿ ಆಂದ್ರೆ ಬ್ರೆತಾನ್ 1924ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಣಾಳಿಕೆ ಹೊರಡಿಸಿದ್ದ. 1929ರಲ್ಲಿ ಗೆಳೆಯ ಲೂಯಿಸ್ ಬುನ್ಯುಯೆಲ್ ಜೊತೆ ತಲೆಬುಡವಿಲ್ಲದ ಒಂದು ಕಿರುಚಿತ್ರ ಮಾಡಿದ ಡಾಲಿ ಬ್ರೆತಾನ್‌ನ ಅತಿವಾಸ್ತವವಾದಿ ಗುಂಪಿಗೆ ಸೇರಿದ. 1931ರಲ್ಲಿ ಬರೆದ ಕರಗುವ ಗಡಿಯಾರಗಳ ಚಿತ್ರವನ್ನು ಜನ ಗೋಡೆ ತುಂಬುವ ಕ್ಯಾನ್ವಾಸು ಎಂದುಕೊಂಡಿರುತ್ತಾರೆ. ಅದರ ಅಳತೆ ಬರೀ 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ. ಶಾಲೆಯ ಮಕ್ಕಳ ಡ್ರಾಯಿಂಗ್ ಪುಸ್ತಕದ ಹಾಳೆಯಷ್ಟೇ.

ಮುಂದಿನದು ಸಿನಿಮಾಕ್ಕಿಂತ ರಂಗುರಂಗಿನ ಕತೆ. 1936ರಲ್ಲಿ ಲಂಡನ್ನಿನ ಪ್ರದರ್ಶನಕ್ಕೆ ಸಮುದ್ರದ ಮುಳುಗುಗಾರರ ಉಡುಪು ತೊಟ್ಟು ಭಾಷಣಕ್ಕೆ ನಿಂತು, ಶಿರಸ್ತ್ರಾಣ ಬಿಚ್ಚಲು ಬಾರದೆ ಉಸಿರು ಕಟ್ಟಿ ಸಾಯುವುದರಲ್ಲಿದ್ದ. 1945ರಲ್ಲಿ ಹಿಚ್‌ಕಾಕ್‌ನ ಚಿತ್ರಕ್ಕೆ ಕನಸಿನ ದೃಶ್ಯ ಕಟ್ಟಿಕೊಟ್ಟ. 1969ರಲ್ಲಿ ಲಾಲಿಪಾಪ್ ಕಂಪನಿಗೆ ಲಾಂಛನ ಬರೆದುಕೊಟ್ಟ. ಆ ಹಳದಿ ಹೂವಿನ ಗುರುತು ಇವತ್ತಿಗೂ ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ಬ್ರೆತಾನ್ ಅವನನ್ನು ಗುಂಪಿನಿಂದ ಹೊರಹಾಕಿದ್ದಲ್ಲದೆ, ಅವನ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡಿ ಡಾಲರಿಗೆ ಬಾಯಿಬಿಡುವವ ಎಂಬರ್ಥದ ಅಡ್ಡಹೆಸರು ಕಟ್ಟಿದ. ಸರ್ವಾಧಿಕಾರಿ ಫ್ರಾಂಕೊನನ್ನು ಡಾಲಿ ಬಹಿರಂಗವಾಗಿ ಹೊಗಳಿದ್ದನ್ನು ಅವನ ಅಭಿಮಾನಿಗಳೂ ಮುಚ್ಚಿಡಲಾರರು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಲೇಖಕ ಜಾರ್ಜ್ ಆರ್ವೆಲ್ 1944ರಲ್ಲಿ ಡಾಲಿಯ ಮೇಲೆ ಬರೆದ ಪ್ರಬಂಧದಲ್ಲಿ ಎರಡು ಮಾತನ್ನು ಒಟ್ಟಿಗೇ ಹಿಡಿಯಬೇಕೆಂದು ವಾದಿಸಿದ: ಇವನು ಒಳ್ಳೆಯ ರೇಖಾಕಾರ, ಮತ್ತು ಮನುಷ್ಯನಾಗಿ ಹೇಸಿಗೆ ಹುಟ್ಟಿಸುವವ. ಒಂದನ್ನು ಹೇಳಲು ಇನ್ನೊಂದನ್ನು ನುಂಗಬೇಕಿಲ್ಲ.

ಆರ್ವೆಲ್‌ನ ಆ ನ್ಯಾಯವನ್ನು ಒಪ್ಪಿಕೊಂಡರೆ ಮೀಸೆಯನ್ನು ಬದಿಗಿಟ್ಟು ಕೈಯ ಕಡೆ ನೋಡಬಹುದು. ಡಾಲಿಯ ನಿಜವಾದ ಕಸುಬುಗಾರಿಕೆ ಇದ್ದದ್ದು ಗಡಿಯಾರದಲ್ಲಲ್ಲ, ಒಂದೇ ಆಕಾರದಲ್ಲಿ ಎರಡು ವಸ್ತು ತೋರಿಸುವುದರಲ್ಲಿ. 1937ರ ಒಂದು ಚಿತ್ರದಲ್ಲಿ ಕೊಳದ ಮೇಲೆ ಹಂಸಗಳಿವೆ. ನೀರಿನೊಳಗಿನ ಅವುಗಳ ಪ್ರತಿಬಿಂಬ ಮಾತ್ರ ಆನೆಗಳದು: ಹಂಸದ ಕೊರಳು ಸೊಂಡಿಲಾಗಿ, ರೆಕ್ಕೆ ಕಿವಿಯಾಗಿ, ದಂಡೆಯ ಒಣಮರಗಳು ಆನೆಯ ಕಾಲಾಗಿ ಬದಲಾಗುತ್ತವೆ. 1940ರ ಇನ್ನೊಂದು ಚಿತ್ರದಲ್ಲಿ ಸಂತೆಯಲ್ಲಿ ನಿಂತ ಇಬ್ಬರು ಹೆಂಗಸರು ಸ್ವಲ್ಪ ದೂರ ಸರಿದು ನೋಡಿದರೆ ತತ್ವಜ್ಞಾನಿ ವೋಲ್ತೇರನ ಮುಖವಾಗುತ್ತಾರೆ. ಈ ಕಣ್ಣು ಅವನಿಗೆ ಪ್ಯಾರಿಸ್ಸಿನ ಕಾಫಿ ಅಂಗಡಿಗಳಲ್ಲಿ ಬಂದದ್ದಲ್ಲ. ಅವನ ಮನೆಯಿದ್ದ ಕಡಲ ದಂಡೆಯ ಹತ್ತಿರ ಕ್ರೆಯುಸ್ ಭೂಶಿರ ಎಂಬ ಜಾಗವಿದೆ. ಗಾಳಿ, ಉಪ್ಪುನೀರು ಸಾವಿರಾರು ವರ್ಷ ಕೊರೆದ ಬಂಡೆಗಳು. ಅಲ್ಲಿನ ಮೀನುಗಾರರು ಒಂದು ಬಂಡೆಗೆ ಒಂಟೆ, ಇನ್ನೊಂದಕ್ಕೆ ಹದ್ದು ಎಂದು ಹೆಸರಿಟ್ಟುಕೊಂಡಿದ್ದರು. ದೋಣಿ ಮುಂದೆ ಹೋದ ಹಾಗೆ ಒಂಟೆ ಕರಗಿ ಮತ್ತೇನೋ ಆಗುತ್ತಿತ್ತು. ಹುಡುಗ ಡಾಲಿ ಕಲಿತದ್ದು ಈ ಪಾಠಶಾಲೆಯಲ್ಲಿ.

ಬಂಡೆ, ಗಾಳಿ, ದಿಟ್ಟಿಸುವ ಕಣ್ಣು. ಇಷ್ಟು ಹೇಳಿದ ಮೇಲೆ ಬಾಗಲಕೋಟೆ ಜಿಲ್ಲೆಯವರಿಗೆ ಮುಂದಿನ ಮಾತು ತಾನಾಗಿಯೇ ಹೊಳೆಯಬೇಕು.

ಬಾದಾಮಿಯ ಅಗಸ್ತ್ಯತೀರ್ಥದ ದಂಡೆಯ ಕೆಂಪು ಮರಳುಗಲ್ಲಿನ ಗುಡ್ಡದಲ್ಲಿ, ಊರವರು ಮೇಣಬಸದಿ ಎಂದು ಕರೆಯುವ ನಾಲ್ಕು ಗುಹೆಗಳಿವೆ. ಮೂರನೆಯದಕ್ಕೆ ಮಂಗಳೇಶನ ಶಾಸನವಿದ್ದು ಕಾಲ ಖಚಿತ: ಕ್ರಿ.ಶ. 578. ಮೊದಲನೆಯದು ಅದಕ್ಕಿಂತ ಹಿಂದಿನದು ಎಂಬುದು ಬಹುಪಾಲು ವಿದ್ವಾಂಸರ ಎಣಿಕೆ. ಈ ಮೊದಲ ಗುಹೆಯ ಬಲಬದಿಯ ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜ. ಪ್ರವಾಸಿಗರೆಲ್ಲ ನಿಲ್ಲುವುದು ಇಲ್ಲೇ. ಗೈಡುಗಳು ಎಡಗಡೆಯ ಒಂಬತ್ತು ಕೈಗಳನ್ನೂ ಬಲಗಡೆಯ ಒಂಬತ್ತನ್ನೂ ಗುಣಿಸಿ 81 ಭಂಗಿಗಳ ಲೆಕ್ಕ ಒಪ್ಪಿಸುತ್ತಾರೆ. ಫೋಟೊ ಆಗುತ್ತದೆ. ಅಷ್ಟರಲ್ಲಿ ಕೋತಿಯೊಂದು ಯಾರದೋ ಕೈಚೀಲಕ್ಕೆ ಕೈಹಾಕಿರುತ್ತದೆ, ಗುಂಪು ಚದುರುತ್ತದೆ.

ಎಡಬದಿಯಲ್ಲಿ ತ್ರಿಶೂಲ ಹಿಡಿದ ದ್ವಾರಪಾಲಕನೊಬ್ಬ ನಿಂತಿದ್ದಾನೆ. ಅವನ ಕಾಲಕೆಳಗೆ ಒಂದು ಸಣ್ಣ ಉಬ್ಬುಶಿಲ್ಪ. ಎರಡು ದೇಹ, ಒಂದು ತಲೆ. ಎಡದಿಂದ ನೋಡಿದರೆ ಆನೆ, ಬಲದಿಂದ ನೋಡಿದರೆ ಬಸವ. ಗೈಡು ಒಂದು ಬದಿಯನ್ನು ಅಂಗೈಯಿಂದ ಮುಚ್ಚಿ ‘ಇದು ಆನಿ’ ಎನ್ನುತ್ತಾನೆ, ಕೈ ಸರಿಸಿ ಇನ್ನೊಂದು ಬದಿಯನ್ನು ಮುಚ್ಚಿ ‘ಇದು ಎತ್ತು’ ಎನ್ನುತ್ತಾನೆ. ಮಕ್ಕಳು ಹೋ ಎಂದು ನಗುತ್ತಾರೆ. ಒಂದು ನಿಮಿಷದ ಕಣ್ಕಟ್ಟು ಮುಗಿಯಿತು, ಎರಡನೆಯ ಗುಹೆಗೆ ಮೆಟ್ಟಿಲು ಹತ್ತಬೇಕು.

ಆದರೆ ಕೈಯಿಂದ ಮುಚ್ಚದೆ ನೋಡುವುದರಲ್ಲೇ ಸ್ವಾರಸ್ಯವಿದೆ. ಇರುವ ಕಣ್ಣು ಒಂದೇ. ಅದು ಏಕಕಾಲಕ್ಕೆ ಆನೆಯದೂ ಹೌದು, ಬಸವನದೂ ಹೌದು. ನೋಡುವವನಿಗೆ ಮಾತ್ರ ಎರಡನ್ನೂ ಒಟ್ಟಿಗೆ ಹಿಡಿಯಲಾಗುವುದಿಲ್ಲ. ಆನೆ ಕಂಡಾಗ ಬಸವ ಅಡಗುತ್ತಾನೆ, ಬಸವನನ್ನು ಹುಡುಕಿದರೆ ಆನೆ ಜಾರಿಕೊಳ್ಳುತ್ತದೆ. ಕಲ್ಲು ಅಲುಗುವುದಿಲ್ಲ, ಮನಸ್ಸು ಅಲುಗುತ್ತದೆ. ನೋಟದ ಈ ಜಾರಾಟವನ್ನೇ ಡಾಲಿ 1930ರ ದಶಕದಲ್ಲಿ ದೊಡ್ಡ ಹೆಸರಿನ ಒಂದು ಸಿದ್ಧಾಂತವಾಗಿ ಪ್ರಚಾರ ಮಾಡಿದ.

ಇನ್ನೂ ಒಂದು ಸಂಗತಿಯನ್ನು ಗೈಡುಗಳೂ ಹೇಳುವುದಿಲ್ಲ, ಪುಸ್ತಕಗಳೂ ಒತ್ತಿ ಹೇಳುವುದಿಲ್ಲ. ಇದೇ ಗುಹೆಯ ಒಳಗೆ ಎರಡು ದೊಡ್ಡ ಶಿಲ್ಪಗಳಿವೆ: ಅರ್ಧನಾರೀಶ್ವರ ಮತ್ತು ಹರಿಹರ. ಒಂದರಲ್ಲಿ ಅರ್ಧ ದೇಹ ಶಿವನದು, ಅರ್ಧ ಪಾರ್ವತಿಯದು. ಪಕ್ಕದಲ್ಲಿ ಎಲುಬಿನ ಹಂದರವಾಗಿ ನಿಂತ ಭೃಂಗಿ. ಇನ್ನೊಂದರಲ್ಲಿ ಅರ್ಧ ಶಿವ, ಅರ್ಧ ವಿಷ್ಣು. ಜಗಲಿಯ ಬುಡದಲ್ಲಿ ಕುಣಿಯುವ ಕುಳ್ಳ ಗಣಗಳಲ್ಲಿ ಕೆಲವಕ್ಕೆ ಆಕಳ ಮೋರೆ, ಕೆಲವಕ್ಕೆ ಕುದುರೆಯ ಮೋರೆ. ಹೊರಗೆ ನೃತ್ಯದ ಹಲವು ಗಳಿಗೆಗಳನ್ನು ಒಂದೇ ದೇಹಕ್ಕೆ ಜೋಡಿಸಿದ ನಟರಾಜ. ಅಂದರೆ ಆನೆ-ಬಸವ ಯಾವನೋ ಶಿಲ್ಪಿ ಬಿಡುವಿನಲ್ಲಿ ಕೆತ್ತಿದ ತಮಾಷೆಯಲ್ಲ. ಇಡೀ ಗುಹೆಯೇ ಒಂದೇ ವಿಚಾರವನ್ನು ಬೇರೆಬೇರೆ ಸ್ಥಾಯಿಯಲ್ಲಿ ನುಡಿಸುತ್ತಿದೆ: ಒಂದು ಮೈಯಲ್ಲಿ ಎರಡು ಇರವು ಸಾಧ್ಯ. ದೊಡ್ಡ ದೇವರಿಗೆ ಹೇಳಿದ್ದನ್ನು ಕಾಲಕೆಳಗಿನ ಪ್ರಾಣಿಗೂ ಹೇಳಿದ್ದಾರೆ. ಇಂಥ ಹೊಂದಾಣಿಕೆ ತಾನಾಗಿ ಆಗುವುದಿಲ್ಲ. ಯಾರೋ ಕುಳಿತು ಯೋಚಿಸಿದ್ದಾರೆ.

ಇಲ್ಲಿಯೇ ಈ ಬರಹದ ತಕರಾರು ಇರುವುದು. ಡಾಲಿ ಹಂಸವನ್ನು ಆನೆ ಮಾಡಿದರೆ ಅದು ಪ್ರತಿಭೆ. ಬಾದಾಮಿಯವನು ಆನೆಯನ್ನು ಬಸವ ಮಾಡಿದರೆ ಅದು ಸಂಪ್ರದಾಯ. ಅವನದು ಒಬ್ಬ ಮನುಷ್ಯನ ತಲೆಯಿಂದ ಹೊಮ್ಮಿದ ಕಲ್ಪನೆ, ಇವನದು ಶಾಸ್ತ್ರದಲ್ಲಿ ಇದ್ದದ್ದನ್ನು ಒಪ್ಪಿಸಿದ ಕಸುಬು. ನಮ್ಮ ಪಠ್ಯಪುಸ್ತಕಗಳೂ ಪ್ರವಾಸಿ ಕೈಪಿಡಿಗಳೂ, ಅಷ್ಟೇ ಏಕೆ, ಕಲೆಯ ಬಗ್ಗೆ ಬರೆಯುವ ಅನೇಕರೂ ಈ ಹಂಚಿಕೆಯನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದಾರೆ.

ಇದಕ್ಕೆ ಮದ್ದು ಎಂದು ಕೆಲವರು ಹಿಡಿದುಕೊಂಡಿರುವ ಮಾತು ಇನ್ನೂ ಅಗ್ಗದ್ದು: ‘ಡಾಲಿ ಏನು ಮಾಡ್ಯಾನ? ನಮ್ಮವರು ಹದಿನಾಲ್ಕುನೂರು ವರ್ಷದ ಹಿಂದೆಯೇ ಮಾಡಿಟ್ಟಾರ.’ ವಾಟ್ಸ್ಯಾಪಿನಲ್ಲಿ ಹರಿದಾಡಲು ಈ ಮಾತು ಲಾಯಕ್ಕು, ಆದರೆ ಇತಿಹಾಸಕ್ಕೆ ಹೊಂದುವುದಿಲ್ಲ. ಅಜಂತಾದ ಒಂದನೆಯ ಗುಹೆಯ ಕಂಬದ ಮೇಲೆ ನಾಲ್ಕು ಜಿಂಕೆಗಳು ಒಂದೇ ತಲೆಯನ್ನು ಹಂಚಿಕೊಂಡಿವೆ. ಅದು ಬಾದಾಮಿಗಿಂತ ಹಳೆಯದು. ಆನೆ-ಬಸವ ಜೋಡಿ ಹನ್ನೆರಡನೆಯ ಶತಮಾನದ ಹೊತ್ತಿಗೆ ತಮಿಳುನಾಡಿನ ದಾರಾಸುರಂ ದೇವಾಲಯದಲ್ಲೂ ಇದೆ. ಹದಿನಾರನೆಯ ಶತಮಾನದಲ್ಲಿ ಇಟಲಿಯ ಆರ್ಚಿಂಬೋಲ್ಡೊ ಹಣ್ಣು-ತರಕಾರಿ ಜೋಡಿಸಿ ಮನುಷ್ಯರ ಮುಖ ಬರೆದ. ಮೊಲವೂ ಹೌದು ಬಾತುಕೋಳಿಯೂ ಹೌದು ಎಂಬಂಥ ಪ್ರಸಿದ್ಧ ರೇಖಾಚಿತ್ರ ಜರ್ಮನಿಯ ಹಾಸ್ಯಪತ್ರಿಕೆಯೊಂದರಲ್ಲಿ ಅಚ್ಚಾದದ್ದು 1892ರಲ್ಲಿ. ಮೊದಲು ಯಾರು ಎಂಬ ಓಟದಲ್ಲಿ ಬಾದಾಮಿಗೆ ಬಹುಮಾನವಿಲ್ಲ, ಡಾಲಿಗೂ ಇಲ್ಲ. ‘ನಮ್ಮವರೇ ಮೊದಲು’ ಎನ್ನುವವನು ಆ ಕಲ್ಲನ್ನು ಎಷ್ಟು ಹೊತ್ತು ನೋಡಿದ್ದಾನೆ ಎಂದು ಕೇಳಿದರೆ ಸಾಕು. ಹೆಮ್ಮೆಪಟ್ಟು ಮುಂದಕ್ಕೆ ನಡೆಯುವುದಕ್ಕೂ ಫೋಟೊ ತೆಗೆದು ಮುಂದಕ್ಕೆ ನಡೆಯುವುದಕ್ಕೂ ಬಹಳ ಅಂತರವಿಲ್ಲ.

ಡಾಲಿಗೂ ಕರ್ನಾಟಕಕ್ಕೂ ನಿಜವಾಗಿ ಒಂದು ಕೊಂಡಿಯಿದೆ. ಅದು ಆನೆಯದೇ. 1967ರಲ್ಲಿ ಏರ್ ಇಂಡಿಯಾ ಸಂಸ್ಥೆ ತನ್ನ ಮೊದಲ ದರ್ಜೆಯ ಪ್ರಯಾಣಿಕರಿಗೆ ಕಾಣಿಕೆ ಕೊಡಲು ಒಂದು ಆ್ಯಶ್‌ಟ್ರೇ ರೂಪಿಸಿಕೊಡುವಂತೆ ಡಾಲಿಯನ್ನು ಕೇಳಿತು. ಅವನು ಮಾಡಿಕೊಟ್ಟದ್ದು ಚಿಪ್ಪಿನಾಕಾರದ ಪಿಂಗಾಣಿ ಬಟ್ಟಲು, ಅಂಚಿಗೆ ಸುತ್ತಿದ ಹಾವು, ಕೆಳಗೆ ಆಧಾರವಾಗಿ ಆನೆಯ ತಲೆ ಮತ್ತು ಹಂಸ. ತಲೆಕೆಳಗು ಮಾಡಿದರೆ ಆನೆ ಹಂಸವಾಗುತ್ತದೆ, ಹಂಸ ಆನೆಯಾಗುತ್ತದೆ. ಮೂವತ್ತು ವರ್ಷ ಹಿಂದಿನ ತನ್ನ ಚಿತ್ರದ ಉಪಾಯವನ್ನೇ ಸಿಗರೇಟಿನ ಬೂದಿ ಕೊಡವಲು ಇಳಿಸಿಕೊಟ್ಟಿದ್ದ. ಪ್ರತಿಫಲವಾಗಿ ಹಣ ಕೇಳಲಿಲ್ಲ, ಒಂದು ಆನೆಮರಿ ಬೇಕೆಂದ. ಬೆಂಗಳೂರಿನಿಂದ ಒಂದು ಆನೆಮರಿ, ಜೊತೆಗೊಬ್ಬ ಮಾವುತ, ವಿಮಾನ ಹತ್ತಿ ಜಿನೀವಾಕ್ಕೆ ಹೋದರು. ಅಲ್ಲಿಂದ ಲಾರಿಯಲ್ಲಿ ಡಾಲಿಯ ಕಡಲೂರು ಕಡಾಕೆಸ್‌ಗೆ. ಊರಿಗೆ ಊರೇ ಹಬ್ಬ ಮಾಡಿತು. ಹ್ಯಾನಿಬಲ್‌ನಂತೆ ಆನೆಯೇರಿ ಆಲ್ಪ್ಸ್ ದಾಟುತ್ತೇನೆ ಎಂದು ಡಾಲಿ ಕೊಚ್ಚಿಕೊಂಡ. ದಾಟಲಿಲ್ಲ. ಮರಿ ಬೆಳೆದು ದೊಡ್ಡದಾದ ಮೇಲೆ ಸ್ಪೇನಿನ ಮೃಗಾಲಯ ಸೇರಿತು. ಕಲಾವಿದನ ಚಮತ್ಕಾರಕ್ಕೆ ಚಪ್ಪಾಳೆ ಹೊಡೆದವರಲ್ಲಿ ಯಾರೂ ತಾಯಿಯನ್ನು ಬಿಟ್ಟು ಸಮುದ್ರದಾಚೆ ಹೋದ ಆ ಮರಿಯ ಕಡೆಯಿಂದ ಕತೆ ಬರೆದ ಹಾಗಿಲ್ಲ.

ಬಾದಾಮಿಗೆ ಮರಳಿದರೆ, ಅಲ್ಲಿನ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದ ಲಜ್ಜಾಗೌರಿಯ ಶಿಲ್ಪವಿದೆ. ಹೆರಿಗೆಯ ಭಂಗಿಯಲ್ಲಿ ಮಂಡಿ ಅಗಲಿಸಿ ಕುಳಿತ ತಾಯಿ. ತಲೆಯಿರಬೇಕಾದಲ್ಲಿ ಅರಳಿದ ತಾವರೆ. ದೇಹದ ಕಟ್ಟು ಎಷ್ಟು ತುಂಬಿಕೊಂಡಿದೆಯೆಂದರೆ ಮುಖವಿಲ್ಲ ಎಂಬುದು ಕೊರತೆ ಅನ್ನಿಸುವುದೇ ಇಲ್ಲ. ಬೆಲ್ಜಿಯಮ್ಮಿನ ಅತಿವಾಸ್ತವವಾದಿ ರೆನೆ ಮಾಗ್ರಿಟ್ 1934ರಲ್ಲಿ ಹೆಣ್ಣಿನ ಮುಖದ ಜಾಗದಲ್ಲಿ ಆಕೆಯ ಬೆತ್ತಲೆ ಮೈಯನ್ನೇ ಕೂರಿಸಿ ಚಿತ್ರ ಬರೆದ. ಯುರೋಪು ಬೆಚ್ಚಿಬಿತ್ತು, ಇವತ್ತಿಗೂ ಅದರ ಮೇಲೆ ಪುಟಗಟ್ಟಲೆ ಚರ್ಚೆಯಿದೆ. ಮಾಗ್ರಿಟ್‌ನ ಚಿತ್ರದಲ್ಲಿ ಮುಖ ಹೋದದ್ದರಿಂದ ಹೆಣ್ಣು ಕಳೆದುಹೋಗುತ್ತಾಳೆ, ಗಂಡಸಿನ ಕಣ್ಣು ಮಾಡುವ ಹಿಂಸೆ ಕಾಣುತ್ತದೆ. ಲಜ್ಜಾಗೌರಿಯಲ್ಲಿ ಮುಖ ಹೋದದ್ದರಿಂದ ಅವಳು ಒಬ್ಬಳ ಬದಲು ಎಲ್ಲರೂ ಆಗುತ್ತಾಳೆ. ಉಪಾಯ ಹತ್ತಿರದ್ದು, ಫಲ ತದ್ವಿರುದ್ಧ. ಇಷ್ಟು ಒಳ್ಳೆಯ ಹೋಲಿಕೆ ಕಣ್ಣೆದುರಿಗಿದ್ದರೂ ಶಾಲಾ ಪ್ರವಾಸದ ಮಾಸ್ತರರು ಮಕ್ಕಳನ್ನು ಅಲ್ಲಿಂದ ಬೇಗಬೇಗ ದಾಟಿಸುವುದೇ ಹೆಚ್ಚು. ಸಂತಾನ ಬೇಡಿ ಬಂದ ಹೆಣ್ಣುಮಕ್ಕಳು ಇಂಥ ಮೂರ್ತಿಗೆ ನಾಚದೆ ಕೈಮುಗಿದ ಸೀಮೆಯಲ್ಲಿ ನಾಚಿಕೆ ಹೊಸದಾಗಿ ಬಂದಿದೆ.

ಹಾಗೆಂದು ಚಾಲುಕ್ಯರ ಶಿಲ್ಪಿಗಳಿಗೆ ಅತಿವಾಸ್ತವವಾದಿ ಎಂಬ ಪಟ್ಟಿ ಅಂಟಿಸುವುದು ಬೇಡ. ಡಾಲಿ ಬರೆದದ್ದು ತನ್ನ ಕನಸು, ತನ್ನ ಭಯ, ತನ್ನ ಹೆಂಡತಿ ಗಾಲಾ. ಬಾದಾಮಿಯವರು ಕೆತ್ತಿದ್ದು ಊರೆಲ್ಲ ಬಲ್ಲ ದೇವರನ್ನು. ಅಲ್ಲಮಪ್ರಭುವಿನ ಬೆಡಗಿನ ವಚನಗಳ ವಿಷಯದಲ್ಲೂ ಇದೇ ಗೊಂದಲ ನಡೆದಿದೆ. 1973ರಲ್ಲಿ ಎ.ಕೆ. ರಾಮಾನುಜನ್ ಇಂಗ್ಲಿಷಿಗೆ ತಂದ ವಚನಗಳ ಪುಸ್ತಕ ಹೊರಗಿನ ಓದುಗರಿಗೆ ಅಲ್ಲಮನನ್ನು ಪರಿಚಯಿಸಿದ ಮೇಲೆ ಅವನನ್ನು ಅತಿವಾಸ್ತವವಾದಿಗಳ ಪೂರ್ವಜ ಎನ್ನುವ ಮಾತೂ ಕೇಳಿಬಂದಿದೆ. ಆದರೆ ಬೆಡಗಿಗೆ ಬೀಗದ ಕೈ ಇದೆ. ಟೀಕಾಕಾರರು ತಲೆಮಾರುಗಟ್ಟಲೆ ಅದನ್ನು ತಿರುಗಿಸಿ ಅರ್ಥ ಬಿಚ್ಚಿದ್ದಾರೆ. ಡಾಲಿ ಬೀಗ ಮಾಡಿ ಕೈಯನ್ನು ಸಮುದ್ರಕ್ಕೆ ಎಸೆದವನು. ಹುನಗುಂದ ತಾಲೂಕಿನ ಕೂಡಲಸಂಗಮದಲ್ಲಿ ಕುಳಿತು ವಚನ ಓದುವವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೂಡಲಸಂಗಮದ ಮಾತು ಬಂತಲ್ಲ, ಇದನ್ನೂ ಹೇಳಿಬಿಡಬಹುದು. ಅಲ್ಲಿ ಬಸವಣ್ಣನವರ ಐಕ್ಯಸ್ಥಳಕ್ಕೆ ಹೋಗಬೇಕಾದರೆ ಆಲಮಟ್ಟಿಯ ಹಿನ್ನೀರಿನ ನಡುವೆ ಕಟ್ಟಿದ ಬಾವಿಯಂಥ ಗೋಡೆಯೊಳಗೆ ಮೆಟ್ಟಿಲಿಳಿಯಬೇಕು. ಸುತ್ತ ಕೃಷ್ಣೆ, ಮಲಪ್ರಭೆ. ತಲೆಯ ಮಟ್ಟಕ್ಕಿಂತ ಮೇಲೆ ನೀರು. ಒಳಗೆ ಒಣ ನೆಲ. ಅದೇ ಹಿನ್ನೀರು ಬಾಗಲಕೋಟೆಯ ಹಳೆಯ ಊರಿನ ಓಣಿಗಳನ್ನು ನುಂಗಿತು. ಅರ್ಧ ಊರು ಘಟಪ್ರಭೆಯ ಪಾಲಾಯಿತು, ಅರ್ಧ ಊರು ನವನಗರದ ಸೆಕ್ಟರ್ ನಂಬರುಗಳಲ್ಲಿ ಹಂಚಿಹೋಯಿತು. ಇದು ಯಾರ ಕನಸೂ ಅಲ್ಲ, ಸರಕಾರದ ಅಧಿಸೂಚನೆ. ಈ ಸೀಮೆಯ ಮಕ್ಕಳು ಬಣ್ಣ ಹಿಡಿದರೆ ಬರೆಯಲು ಕರಗುವ ಗಡಿಯಾರವನ್ನು ಎರವಲು ತರಬೇಕಿಲ್ಲ.

ಇನ್ನು ಇಳಕಲ್. ಕೆಂಪು ಬಂಡೆಗೂ ಸೀರೆಗೂ ಹೆಸರಾದ ಊರು. ಸೂಳೇಭಾವಿ, ಕಮತಗಿಯಂಥ ಸುತ್ತಲಿನ ಊರುಗಳಲ್ಲೂ ಮಗ್ಗಗಳಿವೆ. ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುವುದು ಇಲ್ಲಿನ ವಿಶೇಷ. ಕೆಂಪು ಸೆರಗಿನ ಮೇಲೆ ಬಿಳಿಯ ಹಲ್ಲುಹಲ್ಲಾದ ಪಟ್ಟೆ. ಆ ಸರಳ ಆಕಾರವನ್ನು ಒಂದು ಕಡೆ ಹಣಿಗೆ ಎನ್ನುತ್ತಾರೆ, ಇನ್ನೊಂದು ಕಡೆ ಕೋಟೆಯ ತೆನೆ, ಮತ್ತೊಂದು ಕಡೆ ಜೋಳದ ತೆನೆ, ಸ್ವಲ್ಪ ಬದಲಾದರೆ ಬೆಟ್ಟದ ಸಾಲು. ನೂಲಿನ ಎಣಿಕೆ ಅಷ್ಟಿಷ್ಟು ಆಚೀಚೆಯಾದರೆ ತಲೆ ಬಾಚುವ ವಸ್ತು ಊರು ಕಾಯುವ ಗೋಡೆಯಾಗುತ್ತದೆ. ಕಸೂತಿಯಲ್ಲಿಯೂ ಹಾಗೆಯೇ. ಗವಂತಿ ಹೊಲಿಗೆಯನ್ನು ಬಟ್ಟೆಯ ಮುಂದೆಯೂ ಹಿಂದೆಯೂ ಒಂದೇ ತೆರನಾಗಿ ಕಾಣುವಂತೆ ಹಾಕುತ್ತಾರೆ. ಕಾಗದದ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿಕೊಂಡೇ ಗೋಪುರ, ತೇರು, ಆನೆ, ನವಿಲು ಮೂಡಿಸುತ್ತಾರೆ. ಡಾಲಿ ತನ್ನ ಚಿತ್ರಗಳನ್ನು ಕೈಯಿಂದ ಬರೆದ ಕನಸಿನ ಫೋಟೊಗಳು ಎಂದು ಹೇಳಿಕೊಳ್ಳುತ್ತಿದ್ದ. ಕೂದಲೆಳೆಯ ಕುಂಚ ಹಿಡಿದು ತಾಸುಗಟ್ಟಲೆ ಕೂರುತ್ತಿದ್ದ. ಹುಚ್ಚು ಕಲ್ಪನೆಯ ಹಿಂದೆ ಇಷ್ಟು ಶಿಸ್ತಿನ ಕೈಯಿತ್ತು ಎಂಬುದನ್ನು ಬಾಯಲ್ಲಿ ವಿವರಿಸುವುದು ಕಷ್ಟ. ಆದರೆ ಕಸೂತಿ ಹಾಕುವ ಇಳಕಲ್ಲಿನ ಹೆಣ್ಣುಮಗಳಿಗೆ ಅದು ತಟ್ಟನೆ ಅರ್ಥವಾದೀತು.

ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಊರಿಗೆ ಗುರುತು ಬಂತು. ನೇಯ್ದವರ ಹೆಸರು ಮಾತ್ರ ಅಂಗಡಿಯ ಚೀಟಿಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ.

ಭಾರತದ ಕಲಾವಿದರು ಹೆಸರು ಬಯಸಲಿಲ್ಲ, ಅವರು ಅನಾಮಿಕರಾಗಿಯೇ ಇರಲು ಇಷ್ಟಪಟ್ಟರು ಎಂಬ ಭಾಷಣ ಇಂಥ ಹೊತ್ತಿನಲ್ಲಿ ತಪ್ಪದೆ ಬರುತ್ತದೆ. ಈ ಜಿಲ್ಲೆಯ ಕಲ್ಲುಗಳೇ ಅದನ್ನು ಒಪ್ಪುವುದಿಲ್ಲ. ಹುನಗುಂದ ತಾಲೂಕಿನ ಐಹೊಳೆಯ ಶಾಸನವೊಂದು ನರಸೊಬ್ಬ ಎಂಬ ವಾಸ್ತುಶಿಲ್ಪಿಯನ್ನು, ಮನೆ-ದೇಗುಲ ಕಟ್ಟುವುದರಲ್ಲಿ ಅವನಿಗೆ ಸಮನಾದವರು ಜಂಬೂದ್ವೀಪದಲ್ಲಿ ಹಿಂದೆ ಇರಲಿಲ್ಲ, ಮುಂದೆ ಬರುವುದಿಲ್ಲ ಎಂಬ ಧಾಟಿಯಲ್ಲಿ ಕೊಂಡಾಡುತ್ತದೆ. ಡಾಲಿಯ ಜಂಬಕ್ಕೆ ಇದೇನು ಕಡಿಮೆಯೇ? ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದಳು ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಅದನ್ನು ಕಟ್ಟಿದ ಗುಂಡನಿಗೆ ಅನಿವಾರಿತಾಚಾರಿ ಎಂಬ ಬಿರುದಿತ್ತು, ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನ ಹೆಸರೂ ಅಲ್ಲಿದೆ, ಬಲದೇವ ಎಂಬ ಶಿಲ್ಪಿ ಅಪ್ಪನ ಹೆಸರು ಸಮೇತ ತನ್ನ ಗುರುತು ಕೊರೆದಿದ್ದಾನೆ. ಪರೀಕ್ಷೆಯಲ್ಲಿ ಇವರಿಗೆ ಒಂದು ಅಂಕದ ಪ್ರಶ್ನೆಯೂ ಬರುವುದಿಲ್ಲ. ಅವರು ಹೆಸರು ಬರೆದಿದ್ದರು. ಓದುವುದನ್ನು ನಾವು ಬಿಟ್ಟೆವು.

ಡಾಲಿಯ ಕೊನೆಗಾಲದಲ್ಲಿ ಇದರ ತಿರುಗುಮುರುಗು ನಡೆಯಿತು. ಅವನು ಸಾವಿರಾರು ಖಾಲಿ ಹಾಳೆಗಳಿಗೆ ಸಹಿ ಹಾಕಿಕೊಟ್ಟ. ಆ ಹಾಳೆಗಳ ಮೇಲೆ ಯಾರು ಯಾರೋ ಚಿತ್ರ ಮುದ್ರಿಸಿ ಮಾರಿದರು. ಡಾಲಿಯ ಮುದ್ರಿತ ಚಿತ್ರಗಳ ಮಾರುಕಟ್ಟೆ ಇವತ್ತಿಗೂ ಅಸಲಿ-ನಕಲಿಯ ಕೆಸರಿನಿಂದ ಮೇಲೆದ್ದಿಲ್ಲ. ಅಲ್ಲಿ ಕೆಲಸವಿಲ್ಲದ ಸಹಿ ದುಡ್ಡಾಯಿತು. ಇಲ್ಲಿ ಸಹಿ ಇದ್ದ ಕೆಲಸವೂ ಹೆಸರಿಲ್ಲದ್ದಾಯಿತು. 1974ರಲ್ಲಿ ತನ್ನ ಹುಟ್ಟೂರಿನ ಸುಟ್ಟುಹೋಗಿದ್ದ ನಾಟಕಮಂದಿರವನ್ನೇ ಡಾಲಿ ತನ್ನ ವಸ್ತುಸಂಗ್ರಹಾಲಯವಾಗಿ ತೆರೆದ, 1989ರ ಜನವರಿಯಲ್ಲಿ ಸತ್ತ ಮೇಲೆ ಅದರ ನೆಲದಡಿಯೇ ಅವನನ್ನು ಹೂಳಿದರು. ಫಿಗರೆಸ್ ಬಾದಾಮಿಯಂಥದೇ ಸಣ್ಣ ಊರು. ಜಗತ್ತಿನ ಮೂಲೆಮೂಲೆಯಿಂದ ಜನ ಅಲ್ಲಿಗೆ ಹೋಗುವುದು ಒಬ್ಬ ಮನುಷ್ಯನ ಹೆಸರು ಹಿಡಿದು. ಬಾದಾಮಿಗೆ ಬರುವವರು ರಾಜರ ಹೆಸರು ಹಿಡಿದು ಬರುತ್ತಾರೆ.

ಮಾಡಬಹುದಾದದ್ದು ದೊಡ್ಡ ಯೋಜನೆಯೇನಲ್ಲ. ಮೊದಲ ಗುಹೆಯ ಆ ಉಬ್ಬುಶಿಲ್ಪದ ಪಕ್ಕದಲ್ಲಿ ಎಡದಿಂದ, ಬಲದಿಂದ, ಎದುರಿನಿಂದ ನೋಡಿ ಎಂದು ತಿಳಿಗನ್ನಡದಲ್ಲಿ ಹೇಳುವ, ಒಳಗಿನ ಹರಿಹರನನ್ನೂ ಅರ್ಧನಾರೀಶ್ವರನನ್ನೂ ಇದರೊಂದಿಗೆ ಜೋಡಿಸಿ ತೋರಿಸುವ ನಾಲ್ಕು ಸಾಲಿನ ಫಲಕ ಬೇಕು. ಐಹೊಳೆ, ಪಟ್ಟದಕಲ್ಲುಗಳಲ್ಲಿ ರಾಜ-ರಾಣಿಯರ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ನರಸೊಬ್ಬ, ಗುಂಡ, ಬಲದೇವರ ಹೆಸರು ಬರಬೇಕು. ಇಳಕಲ್ ಸೀರೆಯ ಚೀಟಿಯಲ್ಲಿ ನೇಕಾರರ ಹೆಸರು, ಊರು ಅಚ್ಚಾಗಬೇಕು; ಗಿರಾಕಿಗೆ ಅದರಿಂದ ಬೆಲೆ ಏರುವುದಿಲ್ಲ, ಮಗ್ಗದ ಮನೆಗೆ ಮಾನ ಏರುತ್ತದೆ. ಬನಶಂಕರಿ ಜಾತ್ರೆಯ ಹೊತ್ತಿಗೆ ನಾಟಕ ಕಂಪನಿಗಳು ತಿಂಗಳುಗಟ್ಟಲೆ ಡೇರೆ ಹಾಕುತ್ತವೆ, ಬಾಗಿಲು-ಚೌಕಟ್ಟುಗಳಿಂದ ಹಿಡಿದು ಬಳೆಯವರೆಗೆ ಎಲ್ಲವೂ ಮಾರಾಟಕ್ಕೆ ಬರುತ್ತದೆ. ಅಷ್ಟು ಜನ ಸೇರುವ ಕಡೆ ಈ ಜಿಲ್ಲೆಯ ಚಿತ್ರಕಾರರಿಗೂ ಒಂದು ಸಾಲು ಮಳಿಗೆ ಬಿಟ್ಟುಕೊಟ್ಟರೆ ಜಾತ್ರೆಗೇನೂ ಕುಂದಿಲ್ಲ.

ಎಲ್ಲಕ್ಕಿಂತ ಜರೂರಿನದು ಶಾಲೆ. ಚಿತ್ರಕಲಾ ಶಿಕ್ಷಕರೇ ಇಲ್ಲದ ಸರಕಾರಿ ಶಾಲೆಗಳು ರಾಜ್ಯದಲ್ಲಿ ಬೇಕಾದಷ್ಟಿವೆ. ಇದ್ದ ಕಡೆಯೂ ಆ ಪಿರಿಯಡ್ಡನ್ನು ಗಣಿತದ ಮಾಸ್ತರರು ಎರವಲು ಪಡೆಯುವುದು ರೂಢಿ. ಡಿಸೆಂಬರ್ ಬಂತೆಂದರೆ ಬಾದಾಮಿಗೆ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ಕೂಡಲಸಂಗಮ, ಎಲ್ಲವೂ ಒಂದೇ ದಿನದಲ್ಲಿ ಆಗಬೇಕು. ಡ್ರೈವರ್ ಹಾರ್ನ್ ಹೊಡೆಯುತ್ತಿರುತ್ತಾನೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಗುಹೆಗಳಲ್ಲಿ ಟಿಕೆಟ್ಟೇ ಇಲ್ಲ. ಪಟ್ಟಿಯಿಂದ ಒಂದು ಊರನ್ನು ಕೈಬಿಟ್ಟು, ಮೊದಲ ಗುಹೆಯ ಮುಂದೆ ಪ್ರತಿ ಮಗುವಿನ ಕೈಗೂ ಒಂದು ಪೆನ್ಸಿಲು, ಒಂದು ಹಾಳೆ ಕೊಟ್ಟು ಅರ್ಧ ತಾಸು ಕೂರಿಸಲಿ. ಆನೆಯನ್ನು ಬರೆಯಲು ಶುರುಮಾಡಿದವರು ಕಣ್ಣಿನ ಹತ್ತಿರ ಬಂದಾಗ ತಡವರಿಸುತ್ತಾರೆ, ಅಲ್ಲಿಂದ ಮುಂದೆ ಗೆರೆ ಎತ್ತ ಹೋಗಬೇಕೆಂದು ಪಕ್ಕದವನ ಹಾಳೆಯನ್ನು ಇಣುಕುತ್ತಾರೆ. ಪಕ್ಕದವನು ಬಸವನನ್ನು ಬರೆಯುತ್ತಿರುತ್ತಾನೆ.